ಮಧುಮೇಹದಿಂದ ಉಂಟಾಗುವ ನರಬಾಧೆ: ಗಿಡಮೂಲಿಕೆ ಹಾಗೂ ಆಧುನಿಕ ಔಷಧಿಗಳ ಕುರಿತು ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ರಕ್ತದಲ್ಲಿನ ಸಕ್ಕರೆಯ ಪ್ರಮಾಣವು ದೀರ್ಘಕಾಲ ಅಧಿಕವಾಗಿದ್ದಲ್ಲಿ ನರಗಳಿಗೂ ಅವುಗಳನ್ನು ಪೋಷಿಸುವ ಸೂಕ್ಷ್ಮ ರಕ್ತನಾಳಗಳಿಗೂ ಹಾನಿಯಾಗುತ್ತದೆ. ಇದರಿಂದ ಸಾಮಾನ್ಯವಾಗಿ ಮೊದಲು ಪಾದಗಳಲ್ಲಿ ಜೋಮು, ಉರಿ, ಸೂಜಿ ಚುಚ್ಚಿದಂತಹ ನೋವು ಅಥವಾ ಮರಗಟ್ಟುವಿಕೆ ಕಾಣಿಸಿಕೊಳ್ಳುತ್ತದೆ. ರಾತ್ರಿ ವೇಳೆ ಬಾಧೆ ಹೆಚ್ಚಾಗುವುದುಂಟು.

ಮುಖ್ಯವಾಗಿ ಗಮನಿಸಬೇಕಾದ ಅಂಶವೇನೆಂದರೆ, ಉರಿ ನಿಂತ ಮಾತ್ರಕ್ಕೆ ರೋಗ ವಾಸಿಯಾಯಿತೆಂದು ಅರ್ಥವಲ್ಲ. ನರಗಳ ಸ್ಪರ್ಶಜ್ಞಾನವು ನಶಿಸಿದಾಗಲೂ ಉರಿ ಕಡಿಮೆಯಾಗುತ್ತದೆ. ಅಂತಹ ಪಾದಕ್ಕೆ ಗಾಯವಾದರೂ ತಿಳಿಯುವುದಿಲ್ಲ.

2. ಆಧುನಿಕ ಔಷಧಿಗಳು

ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್, ಪ್ರಿಗ್ಯಾಬಲಿನ್ ಹಾಗೂ ಗ್ಯಾಬಪೆಂಟಿನ್ ಔಷಧಿಗಳನ್ನು ವೈದ್ಯರು ಸೂಚಿಸುತ್ತಾರೆ. ಮೊದಲ ಮೂರು ಔಷಧಿಗಳನ್ನು ಹೋಲಿಸಿ 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ನೋವು ಶಮನದಲ್ಲಿ ಅವು ಬಹುತೇಕ ಸಮಾನವೆಂದು ಕಂಡುಬಂದಿದೆ. ಇವು ನೋವನ್ನು ಶಮನಗೊಳಿಸುತ್ತವೆಯೇ ಹೊರತು ನರಗಳನ್ನು ಮೊದಲಿನಂತೆ ಮಾಡುವುದಿಲ್ಲ. ತೂಕಡಿಕೆ, ತಲೆಸುತ್ತು, ಬಾಯಿ ಒಣಗುವುದು, ಕಾಲು ಊತ ಮುಂತಾದ ಅಡ್ಡಪರಿಣಾಮಗಳು ಉಂಟಾಗಬಹುದು. ಸ್ವಇಚ್ಛೆಯಿಂದ ಪ್ರಾರಂಭಿಸುವುದಾಗಲಿ, ಹಠಾತ್ತನೆ ನಿಲ್ಲಿಸುವುದಾಗಲಿ ಕೂಡದು.

ಮೆಟ್‌ಫಾರ್ಮಿನ್ ಮಾತ್ರೆಯನ್ನು ಹಲವು ವರ್ಷ ಸೇವಿಸಿದವರಲ್ಲಿ ಬಿ12 ಜೀವಸತ್ವದ ಕೊರತೆಯಾಗಿ ಇವೇ ಲಕ್ಷಣಗಳು ಕಾಣಿಸಬಹುದು. ಆದ್ದರಿಂದ ಈ ಪರೀಕ್ಷೆಯ ಅಗತ್ಯದ ಬಗ್ಗೆ ವೈದ್ಯರನ್ನು ವಿಚಾರಿಸತಕ್ಕದ್ದು.

3. ಗಿಡಮೂಲಿಕೆ ಔಷಧಿಗಳು

ಸಸ್ಯಮೂಲದ ಔಷಧಿಗಳೆಲ್ಲವೂ ನಿರುಪಯುಕ್ತವೆಂದು ಭಾವಿಸಬೇಕಾಗಿಲ್ಲ. ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್‌ನ ಶೇ. 8ರ ಪಟ್ಟಿಗೆ ಪಾದಗಳ ಮಧುಮೇಹ ನರಬಾಧೆಗಾಗಿ ಅಮೆರಿಕದಲ್ಲಿ 2020ರಲ್ಲಿ ಅನುಮೋದನೆ ದೊರೆತಿದೆ. ಆದರೆ ಹಾಗಲಕಾಯಿ, ಮೆಂತ್ಯ, ಮಧುನಾಶಿನಿ ಮುಂತಾದವು ಹಾನಿಗೊಂಡ ನರಗಳನ್ನು ಸರಿಪಡಿಸುತ್ತವೆ ಎಂಬುದು ದೊಡ್ಡ ಪ್ರಮಾಣದ ಪ್ರಯೋಗಗಳಿಂದ ದೃಢಪಟ್ಟಿಲ್ಲ. ಇವು ಸಕ್ಕರೆಯ ಅಂಶವನ್ನು ತಗ್ಗಿಸಬಲ್ಲವಾದ್ದರಿಂದ, ಇನ್ಸುಲಿನ್ ಅಥವಾ ಮಾತ್ರೆಗಳೊಂದಿಗೆ ಸೇವಿಸಿದಲ್ಲಿ ಸಕ್ಕರೆ ಅಪಾಯಕರ ಮಟ್ಟಕ್ಕೆ ಇಳಿಯಬಹುದು. ಬೆವರು, ನಡುಕ ಹಾಗೂ ಗೊಂದಲ ಇದರ ಲಕ್ಷಣಗಳಾಗಿವೆ.

4. ಖರೀದಿಸುವ ಮುನ್ನ

ಅ) ಹೊದಿಕೆಯ ಮೇಲೆ ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಹಾಗೂ ಘಟಕಗಳ ವಿವರ ಇರುವುದನ್ನು ಪರಿಶೀಲಿಸುವುದು. ವಿವರಗಳಿಲ್ಲದ ಪುಡಿ, ಭಸ್ಮಗಳನ್ನು ಖರೀದಿಸಬಾರದು.

ಆ) ಅಂತರಜಾಲದ ಮೂಲಕ ಖರೀದಿಸಿದ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿ 2008ರಲ್ಲಿ ಅಮೆರಿಕದಲ್ಲಿ ಪ್ರಕಟಿಸಲಾದ ಅಧ್ಯಯನದಲ್ಲಿ, ಸುಮಾರು ಐದನೇ ಒಂದು ಭಾಗದಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಪತ್ತೆಯಾಗಿದೆ. ಸೀಸ ಹಾಗೂ ಆರ್ಸೆನಿಕ್‌ಗಳು ಸ್ವತಃ ನರಗಳಿಗೆ ಹಾನಿಕರ.

ಇ) ಮಧುಮೇಹವನ್ನು ಗುಣಪಡಿಸುವುದಾಗಿ ಔಷಧಿಯ ಜಾಹೀರಾತು ನೀಡುವುದು ಔಷಧಿಗಳು ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತುಗಳು) ಅಧಿನಿಯಮ, 1954ರನ್ವಯ ನಿಷೇಧಿತವಾಗಿದೆ. ಅಂತಹ ಜಾಹೀರಾತು ಕಂಡುಬಂದಲ್ಲಿ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಲಿಖಿತ ದೂರು ಸಲ್ಲಿಸಬಹುದು.

5. ಅನುಸರಿಸಬೇಕಾದ ಕ್ರಮಗಳು

ಯಾವುದೇ ಪದ್ಧತಿಯ ಔಷಧಿ ಸೇವಿಸಿದರೂ ಸಕ್ಕರೆಯ ನಿಯಂತ್ರಣವೇ ಮೂಲ ಚಿಕಿತ್ಸೆಯಾಗಿರುತ್ತದೆ. ಗಿಡಮೂಲಿಕೆಯನ್ನು ನಂಬಿ ಇನ್ಸುಲಿನ್ ಅಥವಾ ಮಾತ್ರೆಯನ್ನು ನಿಲ್ಲಿಸಬಾರದು. ಪ್ರತಿದಿನ ಅಂಗಾಲು ಹಾಗೂ ಬೆರಳುಗಳ ಸಂದುಗಳನ್ನು ನೋಡಿಕೊಳ್ಳುವುದು. ಕಣ್ಣು ಮಂಜಾದವರು ಮನೆಯವರ ನೆರವು ಪಡೆಯುವುದು. ಬರಿಗಾಲಿನಲ್ಲಿ ನಡೆಯಬಾರದು, ಮರಗಟ್ಟಿದ ಪಾದಕ್ಕೆ ಬಿಸಿನೀರಿನ ಶಾಖ ಕೊಡಬಾರದು. ಗಾಯ, ಬೊಬ್ಬೆ ಅಥವಾ ಬಣ್ಣ ಬದಲಾವಣೆ ಕಂಡಲ್ಲಿ ನೋವಿಲ್ಲವೆಂದು ಉಪೇಕ್ಷಿಸದೆ ಕೂಡಲೇ ವೈದ್ಯರನ್ನು ಕಾಣತಕ್ಕದ್ದು. ವಿಳಂಬದಿಂದ ಕಾಲನ್ನೇ ಕಳೆದುಕೊಳ್ಳುವ ಸಂಭವವಿದೆ.

6. ಎಲ್ಲಿ ಸಂಪರ್ಕಿಸಬೇಕು

ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳ ಅಸಾಂಕ್ರಾಮಿಕ ರೋಗಗಳ ಘಟಕವನ್ನು ಸಂಪರ್ಕಿಸಬಹುದು. ಆಯುರ್ವೇದ ಚಿಕಿತ್ಸೆ ಬಯಸುವವರು ನೋಂದಾಯಿತ ವೈದ್ಯರನ್ನು ಮಾತ್ರ ಕಾಣುವುದು. ಹಿಂದಿನ ಚಿಕಿತ್ಸಾ ಚೀಟಿ, ಪ್ರಯೋಗಾಲಯದ ವರದಿ ಹಾಗೂ ಸೇವಿಸುತ್ತಿರುವ ಎಲ್ಲ ಔಷಧಿಗಳ ಹೊದಿಕೆಗಳನ್ನು ಕಡ್ಡಾಯವಾಗಿ ಕೊಂಡೊಯ್ದು, ಒಂದು ಪದ್ಧತಿಯ ಔಷಧಿಯನ್ನು ಇನ್ನೊಂದು ಪದ್ಧತಿಯ ವೈದ್ಯರಿಂದ ಮರೆಮಾಚದಿರುವಂತೆ ಕೋರಲಾಗಿದೆ.

ಸೂಚನೆ: ಈ ಮಾಹಿತಿಯು ವೈದ್ಯರ ಸಲಹೆಗೆ ಪರ್ಯಾಯವಾಗಿರುವುದಿಲ್ಲ.