ಬೆಸುಗೆಯ ಸಾಕ್ಷಿ

ರಾಯಚೂರಿನಿಂದ ಹೈದರಾಬಾದಿನ ದಾರಿ ಹಿಡಿದವರಿಗೆ ಕೃಷ್ಣೆಯ ದಂಡೆಯಲ್ಲಿ ಎದುರಾಗುವ ಊರು ಶಕ್ತಿನಗರ. ಅಲ್ಲಿಯ ಎತ್ತರದ ಚಿಮಣಿಗಳನ್ನು ಎಲ್ಲರೂ ಬಲ್ಲರು. ಅವುಗಳ ಬುಡದಲ್ಲಿರುವ ಬಾಯ್ಲರುಗಳ ಬೆಸುಗೆಗಳನ್ನು ಪರೀಕ್ಷಿಸಿ ಒಪ್ಪಿದವರು, ಒಪ್ಪದೆ ಹಿಂದಿರುಗಿಸಿದವರು ಯಾರೆಂದು ಕೇಳುವವರು ವಿರಳ. ಗುಣನಿಯಂತ್ರಣದ ಇಂಜಿನಿಯರನ ಆ ಕಾಯಕಕ್ಕೂ ಒಂದು ಇತಿಹಾಸವಿದೆ. ಅದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂಬುದು ನನ್ನ ಬಯಕೆ.

ಆ ಇತಿಹಾಸ ದುರಂತದಿಂದ ಆರಂಭವಾಗುತ್ತದೆ. 1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರೊಂದು ಸಿಡಿದು ಹಲವರು ಅಸುನೀಗಿದರು. ಮರುವರ್ಷವೇ ಬಂಗಾಳದಲ್ಲಿ ಬಾಯ್ಲರುಗಳ ತಪಾಸಣೆಗೆ ಶಾಸನವಾಯಿತು. ಬೇರೆ ಬೇರೆ ಪ್ರಾಂತಗಳ ಇಂಥ ಕಾನೂನುಗಳನ್ನು 1923ರ ಅಧಿನಿಯಮ ಒಂದುಗೂಡಿಸಿತು. 1950ರ ನಿಯಮಾವಳಿ ಲೋಹದ ದಪ್ಪದಿಂದ ಹಿಡಿದು ಬೆಸುಗೆಗಾರನ ಅರ್ಹತೆಯವರೆಗೆ ವಿಧಿಗಳನ್ನು ಗೊತ್ತುಪಡಿಸಿತು. 2025ರಲ್ಲಿ ಹೊಸ ಅಧಿನಿಯಮ ಹಳೆಯದರ ಸ್ಥಾನಕ್ಕೆ ಬಂದಿತು. ಅಮೆರಿಕದಲ್ಲಿಯೂ 1905ರಲ್ಲಿ ಬ್ರಾಕ್ಟನ್ ಪಟ್ಟಣದ ಪಾದರಕ್ಷೆಯ ಕಾರ್ಖಾನೆಯಲ್ಲಿ 58 ಜನ ಸತ್ತ ಮೇಲೆಯೇ ಕಟ್ಟುನಿಟ್ಟಿನ ಸಂಹಿತೆ ರೂಪುಗೊಂಡಿತು. ನಿಯಮಗಳ ಒಣ ವಾಕ್ಯಗಳನ್ನು ಓದುವಾಗ ನಾನು ಈ ಮೃತರನ್ನು ನೆನೆಯುತ್ತೇನೆ.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದಂದಿನಿಂದ ನಮ್ಮ ನಾಡು ಬಹುಕಾಲ ನೀರನ್ನೇ ನಂಬಿತ್ತು. ಮಳೆ ಕೈಕೊಟ್ಟ ವರ್ಷ ಯಂತ್ರಗಳೂ ಸೊರಗುತ್ತಿದ್ದವು. ಈ ಕೊರತೆಗೆ ಉತ್ತರವಾಗಿ 1985ರಲ್ಲಿ ಶಕ್ತಿನಗರದ 210 ಮೆಗಾವಾಟ್ ಸಾಮರ್ಥ್ಯದ ಮೊದಲ ಘಟಕ ಚಾಲನೆಗೊಂಡಿತು. 2010ರ ಹೊತ್ತಿಗೆ ಘಟಕಗಳು ಎಂಟಾಗಿ, ಒಟ್ಟು ಸಾಮರ್ಥ್ಯ 1720 ಮೆಗಾವಾಟ್‌ಗೆ ಏರಿತು.

ಇಂಥ ಬಾಯ್ಲರಿನ ಕೊಳವೆಗಳಲ್ಲಿ ಹರಿಯುವ ಹಬೆಯ ಉಷ್ಣ 500 ಡಿಗ್ರಿಯನ್ನು ಮೀರುತ್ತದೆ. ಅದರ ಒತ್ತಡ ವಾಯುಮಂಡಲದ ಒತ್ತಡದ ನೂರು ಪಟ್ಟಿಗೂ ಹೆಚ್ಚು. ಕೊಳವೆಗಳನ್ನು ಕೂಡಿಸುವ ಬೆಸುಗೆಗಳೋ ಸಾವಿರಾರು. ಬೆಸುಗೆಯ ಕಡ್ಡಿ ತೇವ ಹೀರಿದ್ದರೆ ಲೋಹದೊಳಗೆ ಬಿರುಕು ಹುಟ್ಟಬಹುದು. ಆದುದರಿಂದ ಅದನ್ನು ಒಲೆಯಲ್ಲಿ ಒಣಗಿಸಿಯೇ ಬಳಸಬೇಕು. ಹೊರಗಣ್ಣಿಗೆ ನುಣುಪಾಗಿ ಕಾಣುವ ಬೆಸುಗೆಯ ಒಳದೋಷವನ್ನು ಕ್ಷಕಿರಣದ ಚಿತ್ರ ತೋರಿಸುತ್ತದೆ. ಕಡೆಗೆ ನೀರು ತುಂಬಿ, ನಡೆಯುವ ಒತ್ತಡದ ಒಂದೂವರೆ ಪಟ್ಟು ಒತ್ತಡ ಹೇರಿ ನೋಡುತ್ತಾರೆ. ನೀರು ಅಷ್ಟಾಗಿ ಕುಗ್ಗುವುದಿಲ್ಲವಾದ್ದರಿಂದ, ಎಲ್ಲಿಯಾದರೂ ಒಡೆದರೂ ಹಬೆಯಂತೆ ಸ್ಫೋಟಿಸುವುದಿಲ್ಲ.

ಈ ಪರೀಕ್ಷೆಗಳಿಗಿಂತ ಕಠಿಣವಾದದ್ದು ಪರೀಕ್ಷಕನ ಧರ್ಮ. ಗೊತ್ತಾದ ದಿನದೊಳಗೆ ಕೆಲಸ ಮುಗಿಯಬೇಕೆಂದು ಮೇಲಿನವರು ಅವಸರಪಡುತ್ತಾರೆ. ಅವರ ಅವಸರವೂ ಅಕಾರಣವಲ್ಲ, ನಾಡು ಬೆಳಕಿಗಾಗಿ ಕಾದಿರುತ್ತದೆ. ಆ ಹೊತ್ತಿನಲ್ಲಿ "ಈ ಬೆಸುಗೆಯನ್ನು ಕತ್ತರಿಸಿ ಮತ್ತೆ ಮಾಡಿ" ಎನ್ನಬೇಕಾದವನು ಅವನೊಬ್ಬನೇ. ಆದುದರಿಂದಲೇ ಕೆಲಸ ಮುಗಿಸುವ ಹೊಣೆ ಹೊತ್ತವನ ಕೈಕೆಳಗೆ ಅವನನ್ನು ಇರಿಸಬಾರದೆಂಬುದು ನನ್ನ ಖಚಿತವಾದ ಅಭಿಪ್ರಾಯ. ಅವನು ಸಹಿ ಮಾಡುವುದು ಕಾಗದದ ಮೇಲೆ. ಆ ಸಹಿಯನ್ನು ನಂಬಿ ಬಾಯ್ಲರಿನ ಪಕ್ಕದಲ್ಲಿ ಹಗಲಿರುಳೂ ನಿಲ್ಲುವವರು ಕಾರ್ಮಿಕರು.

ಅಣೆಕಟ್ಟು ಕಟ್ಟಿಸಿದವರ ಹೆಸರು ಶಿಲೆಯಲ್ಲಿ ಉಳಿಯುತ್ತದೆ. ಸಿಡಿಯದೆ ಉಳಿದ ಬಾಯ್ಲರಿಗೆ ಶಾಸನ ಕೆತ್ತುವವರಿಲ್ಲ. ಶಕ್ತಿನಗರದ ಚಿಮಣಿಗಳನ್ನು ಇನ್ನೊಮ್ಮೆ ಕಂಡಾಗ, ಬೇಡವೆಂದು ಹೇಳುವ ಧೈರ್ಯ ತೋರಿದ ಆ ಅಜ್ಞಾತರನ್ನೂ ನಾವು ಸ್ಮರಿಸಬೇಕು.