ಉಸಿರಿನಿಂದ ಬಿಸಿಯ ಲೆಕ್ಕ

ವಳ್ಳೂರಿನ ನಮ್ಮ ಮನೆಗೆ ಫ್ರಿಜ್ ಬರೋ ಮುಂಚೆ ಅಜ್ಜಿಯ ಇನ್ಸುಲಿನ್ ಇರ್ತಿದ್ದದ್ದು ಒದ್ದೆ ಮರಳಿನ ಮೇಲಿಟ್ಟ ಮಡಕೆಯೊಳಗೆ. ಮಧುಗಿರಿ ಕಡೆ ಬೇಸಿಗೆ ಗೊತ್ತಲ್ಲ, ಬಿಸಿಗೆ ಔಷಧಿ ಕೆಡುತ್ತೆ ಅನ್ನೋ ಭಯ. ಆದರೆ ಆ ಔಷಧಿ ಹುಟ್ಟೋ ಜಾಗದಲ್ಲೂ ಬಿಸಿಯದ್ದೇ ಕಾಟ ಅಂತ ನನಗೆ ಗೊತ್ತಾಗಿದ್ದು ಈಚೆಗೆ.

1978ರಲ್ಲಿ ಕಿರಣ್ ಮಜುಂದಾರ್ ಬೆಂಗಳೂರಿನ ಬಾಡಿಗೆ ಮನೆಯ ಗ್ಯಾರೇಜಲ್ಲಿ, 10,000 ರೂಪಾಯಿ ಬಂಡವಾಳ ಹಾಕಿ ಬಯೋಕಾನ್ ಶುರು ಮಾಡಿದರು. ಅದೇ ಕಂಪನಿ 2004ರಲ್ಲಿ ಇನ್ಸುಜೆನ್ ಎಂಬ ಇನ್ಸುಲಿನ್ ತಂತು. ಅದನ್ನು ತಯಾರಿಸೋದು ಪಿಚಿಯಾ ಎಂಬ ಯೀಸ್ಟ್. ಇಂಥ ಯೀಸ್ಟ್ ಬೆಳೆಯೋದು ಬಯೋರಿಯಾಕ್ಟರ್‌ನಲ್ಲಿ: ಒಂದು ಸ್ಟೀಲ್ ಟ್ಯಾಂಕ್, ಒಳಗೆ ತಿರುಗುವ ರೆಕ್ಕೆ, ತಳದಿಂದ ಗಾಳಿ. ಪಿಚಿಯಾಗೆ ಸಾಮಾನ್ಯವಾಗಿ ಕೊಡೋ ಮೇವು ಮೆಥನಾಲ್. ಅದನ್ನು ತಿನ್ನುವಾಗ ಯೀಸ್ಟ್ ಆಮ್ಲಜನಕವನ್ನು ಜೋರಾಗಿ ಎಳೆಯುತ್ತೆ, ತಿಪ್ಪೆಗುಂಡಿ ಥರ ಒಳಗೇ ಕಾಯುತ್ತೆ. ಅದಕ್ಕೆ ಬೇಕಿರೋದು ಮಾತ್ರ 30 ಡಿಗ್ರಿ ಆಸುಪಾಸು.

ಎಷ್ಟು ಬಿಸಿ ಹುಟ್ಟುತ್ತೆ ಅಂತ ಮೊದಲೇ ಹೇಳೋದು ಹೇಗೆ? ಇದರ ಬೇರು 1783ರ ಪ್ಯಾರಿಸ್‌ನಲ್ಲಿದೆ. ಲವೋಸಿಯೇ ಮತ್ತು ಲಾಪ್ಲಾಸ್ ಒಂದು ಗಿನಿಪಿಗ್ ಅನ್ನು ಮಂಜುಗಡ್ಡೆ ತುಂಬಿದ ಪಾತ್ರೆಯಲ್ಲಿಟ್ಟು, ಕರಗಿದ ಮಂಜನ್ನು ಅದರ ಉಸಿರಿನ ಜೊತೆ ತಾಳೆ ನೋಡಿದರು. ಉಸಿರಾಟವೂ ಒಂಥರಾ ಉರಿ ಅಂತ ಗೊತ್ತಾಯ್ತು. ಸುಮಾರು ಇನ್ನೂರು ವರ್ಷ ಬಿಟ್ಟು, 1969ರಲ್ಲಿ, ಅಮೆರಿಕದ ಎಂಐಟಿಯ ಕೂನಿ, ವಾಂಗ್, ಮಟೆಲೆಸ್ ಸೂಕ್ಷ್ಮಜೀವಿಗಳಲ್ಲೂ ಇದನ್ನೇ ಅಳೆದರು. ಜೀವಿ ಯಾವುದಾದರೂ, ಮೇವು ಯಾವುದಾದರೂ, 1 ಗ್ರಾಂ ಆಮ್ಲಜನಕಕ್ಕೆ ಹೆಚ್ಚುಕಮ್ಮಿ 3.75 ಕಿಲೋಕ್ಯಾಲೊರಿ ಬಿಸಿ.

ಲೆಕ್ಕ ಹಾಕಿ ನೋಡೋಣ. ಒಂದು ಲೀಟರ್ ದ್ರಾವಣ ಗಂಟೆಗೆ 3.2 ಗ್ರಾಂ ಆಮ್ಲಜನಕ ಎಳೆದರೆ 12 ಕಿಲೋಕ್ಯಾಲೊರಿ. ತಣ್ಣಗೆ ಮಾಡದಿದ್ದರೆ ಒಂದೇ ಗಂಟೆಯಲ್ಲಿ 30 ಡಿಗ್ರಿ ಇದ್ದದ್ದು 42 ಮುಟ್ಟುತ್ತೆ. ಯೀಸ್ಟ್ ಕಥೆ ಮುಗೀತು.

ಸರಿ, ಬಿಸಿ ಹೊರಗೆ ಹೋಗೋದು ಹೇಗೆ? ಟ್ಯಾಂಕಿನ ಗೋಡೆಯ ಆಚೆ ಹರಿಯೋ ತಣ್ಣೀರಿನ ಮೂಲಕ. ಮುದ್ದೆ ತಿರುವದಿದ್ದರೆ ತಳ ಹಿಡಿಯುತ್ತಲ್ಲ, ಇಲ್ಲೂ ಹಾಗೇ: ಗೋಡೆಗೆ ಅಂಟಿ ನಿಂತ ಪದರ ಬಿಸಿಯನ್ನು ತಡೆಯುತ್ತೆ, ಜೋರಾಗಿ ಕಲಕಿದರೆ ತೆಳುವಾಗುತ್ತೆ. 1944ರಲ್ಲಿ ಚಿಲ್ಟನ್, ಡ್ರೂ, ಜೆಬೆನ್ಸ್ ಇದಕ್ಕೊಂದು ಸೂತ್ರ ಕೊಟ್ಟರು. ಅದರ ಪ್ರಕಾರ ರೆಕ್ಕೆಯ ವೇಗ ಎರಡು ಪಟ್ಟಾದರೆ ಒಳಗಿನಿಂದ ಗೋಡೆಗೆ ಬಿಸಿ ದಾಟೋ ಸಾಮರ್ಥ್ಯ ಏರೋದು ಬರೀ 1.6 ಪಟ್ಟು. ವಿದ್ಯುತ್ ಮಾತ್ರ ಸುಮಾರು 8 ಪಟ್ಟು! ಆ ವಿದ್ಯುತ್ತೂ ಕೊನೆಗೆ ಒಳಗೇ ಬಿಸಿಯಾಗುತ್ತೆ. ಬಿಕಾಂ ಓದಿದ ನನಗೆ ಇದು ಶುದ್ಧ ನಷ್ಟದ ವ್ಯಾಪಾರ ಅನ್ನಿಸಿತು.

ಟ್ಯಾಂಕ್ ದೊಡ್ಡದು ಮಾಡಿದರೆ? ಉದ್ದ, ಅಗಲ, ಎತ್ತರ ಎಲ್ಲ ಎರಡು ಪಟ್ಟು ಮಾಡಿ: ಬಿಸಿ ಹುಟ್ಟಿಸೋ ದ್ರಾವಣ 8 ಪಟ್ಟು, ಬಿಸಿ ಬಿಡೋ ಗೋಡೆ 4 ಪಟ್ಟು ಮಾತ್ರ. ಅದಕ್ಕೇ ದೊಡ್ಡ ಟ್ಯಾಂಕುಗಳೊಳಗೆ ತಣ್ಣೀರಿನ ಕೊಳವೆ ಸುತ್ತುತ್ತಾರೆ, ಇಲ್ಲವೇ ಮೇವು ಕಮ್ಮಿ ಮಾಡ್ತಾರೆ. ಮೇವು ಕಮ್ಮಿಯಾದರೆ ಔಷಧಿ ಹುಟ್ಟೋದೂ ನಿಧಾನ, ಖರ್ಚೂ ಜಾಸ್ತಿ.

ಅಂದರೆ ಅಜ್ಜಿಯ ಬಾಟಲಿಯ ಬೆಲೆಯಲ್ಲಿ ಈ ತಣ್ಣೀರಿನ ಲೆಕ್ಕವೂ ಸೇರಿದೆ. ಮೊನ್ನೆ ಊರಿಗೆ ಹೋದಾಗ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಮೊದಲು ಫ್ರಿಜ್ ಬಾಗಿಲು ಹಾಕು" ಅಂದಳು.

ಮುಂದಿನ ಎಪಿಸೋಡಲ್ಲಿ ಸಿಗೋಣ.