ಫೀಸು ಹೋಯಿತು, ಮೇಷ್ಟ್ರು ಎಲ್ಲಿ?

ಮಾಗಡಿ ತಾಲ್ಲೂಕಿನ ಕಲ್ಯ ಅಂದರೆ ಇತಿಹಾಸ ಓದಿದವರಿಗೆ ಬುಕ್ಕರಾಯನ 1368ರ ಶಾಸನ ನೆನಪಾಗುತ್ತದೆ. ಜೈನರಿಗೂ ಶ್ರೀವೈಷ್ಣವರಿಗೂ ರಾಜಿ ಮಾಡಿಸಿದ ಶಾಸನ ಅದು. ಶ್ರವಣಬೆಳಗೊಳದಲ್ಲಿ ಇರುವಂಥದ್ದೇ ಇಲ್ಲೂ ಸಿಕ್ಕಿದೆ. ಎಲ್ಲರಿಗೂ ತಿಳಿಯಲಿ ಅಂತ ರಾಜ ಕಲ್ಲಿನಲ್ಲಿ ಕೊರೆಸಿದ, ಸರಿ. ಆದರೆ ಅದನ್ನು ಓದಬಲ್ಲವರು ಆಗ ಊರಲ್ಲಿ ಎಷ್ಟು ಜನ ಇದ್ದಾರು?

ಅಕ್ಷರ ಎಲ್ಲರ ಮನೆಗೂ ಬರಲು ಶುರುವಾದದ್ದು ತೀರಾ ಈಚೆಗೆ. ಮೊದಲು ಹಳ್ಳಿಗಳಲ್ಲಿ ಇದ್ದದ್ದು ಕೂಲಿಮಠ. ಐಗಳು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು, ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದರು. ಮನೆಯವರು ಕಾಳನ್ನೋ ಕಾಸನ್ನೋ ಕೊಡುತ್ತಿದ್ದರು. ಕೊಡಲಾಗದವರ ಮಕ್ಕಳು ದನದ ಹಿಂದೆ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಮೈಸೂರು ಸಂಸ್ಥಾನ ಕಾನೂನು ತಂದು ಆಯ್ದ ಕಡೆಗಳಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಲು ಹೊರಟಿತು. ಏಕೀಕರಣದ ನಂತರ, 1961ರಲ್ಲಿ, ರಾಜ್ಯಕ್ಕೆ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯ್ದೆ ಬಂತು.

ಫೀಸು ಇಲ್ಲ ಅಂದ ಮಾತ್ರಕ್ಕೆ ಶಾಲೆ ಬಿಟ್ಟಿ ಆಗುವುದಿಲ್ಲ. ರಾಗಿ ಹೊಲದ ಕಳೆಗೆ, ರೇಷ್ಮೆ ಹುಳುವಿಗೆ ಸೊಪ್ಪು ಹಾಕುವುದಕ್ಕೆ ಮಕ್ಕಳ ಕೈಯೂ ಬೇಕಿತ್ತು. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಶಾಲೆಯಲ್ಲಿ ಬೇಯಿಸಿದ ಊಟ ಕೊಡಿ ಎಂದಿತು. 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಯಿತು, ಮರುವರ್ಷ ನಮ್ಮ ಕಡೆಗೂ ಬಂತು. 2013ರಿಂದ ಹಾಲೂ ಸೇರಿತು. ‘ಊಟಕ್ಕೆ ಬರ್ತಾರೆ, ಓದಕ್ಕಲ್ಲ’ ಅಂತ ಆಡಿಕೊಳ್ಳುವವರ ಜೊತೆ ನಮ್ಮದು ಜಗಳವೇ. ಬರಲಿ ಬಿಡಿ. ಬಂದ ಮೇಲೆ ತಾನೇ ಕಲಿಸುವುದು?

ಎಡವಿದ್ದು ಇಲ್ಲೇ. 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ ಮೇಷ್ಟ್ರನ್ನು ಮಕ್ಕಳ ತಲೆ ಎಣಿಸಿ ಕೊಡುತ್ತದೆ. ಐದನೇ ತರಗತಿವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು, 61ರಿಂದ 90ಕ್ಕೆ ಮೂವರು. ಅಂದರೆ ಸಣ್ಣ ಊರಲ್ಲಿ ಐದು ತರಗತಿಗೆ ಇಬ್ಬರೇ. ಒಬ್ಬರು ಗಣತಿಗೋ ಚುನಾವಣೆ ಕೆಲಸಕ್ಕೋ ಹೋದರೆ ಉಳಿದವರು ಒಬ್ಬರು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿಕಲಿಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕೂತು ತಮ್ಮ ತಮ್ಮ ವೇಗದಲ್ಲಿ ಕಲಿಯಬಹುದು. ಒಳ್ಳೆಯ ಪದ್ಧತಿ. ಅದಕ್ಕೂ ಮಗುವಿನ ಪಕ್ಕ ಕೂರಲು ಮೇಷ್ಟ್ರು ಬೇಕು.

ಅದೇ ಕಾಯ್ದೆ ಖಾಸಗಿ ಶಾಲೆಗಳಲ್ಲಿ 25% ಸೀಟು ಬಡ ಮಕ್ಕಳಿಗೆ ಎಂದಿತು. ಕರ್ನಾಟಕದಲ್ಲಿ ಇದು ಶುರುವಾದದ್ದು 2012–13ರಲ್ಲಿ. ಆ ಮಕ್ಕಳ ಫೀಸನ್ನು ಸರ್ಕಾರವೇ ಆ ಶಾಲೆಗಳಿಗೆ ಕಟ್ಟಿತು. ಸೀಟಿಗೆ ಅರ್ಜಿ ಹಾಕಿದ ಅಪ್ಪ ಅಮ್ಮನದು ತಪ್ಪು ಅನ್ನಲು ನಮಗೆ ಬಾಯಿ ಬರುವುದಿಲ್ಲ. ಮಗು ಇಂಗ್ಲಿಷ್ ಕಲಿಯಲಿ ಅನ್ನುವ ಆಸೆ ಯಾರಿಗಿಲ್ಲ? ಆದರೆ ಹತ್ತು ಮಕ್ಕಳು ವ್ಯಾನು ಹತ್ತಿದರೆ ಊರ ಶಾಲೆಯ ಲೆಕ್ಕದಲ್ಲಿ ಹತ್ತು ತಲೆ ಕಡಿಮೆ. 65 ಇದ್ದದ್ದು 55 ಆದರೆ ಮೂರನೆಯ ಮೇಷ್ಟ್ರು ‘ಹೆಚ್ಚುವರಿ’. ಅವರು ಹೋದ ಮೇಲೆ ಪಾಠ ಸೊರಗುತ್ತದೆ, ಅದನ್ನು ನೋಡಿ ಇನ್ನಷ್ಟು ಮಕ್ಕಳು ಹೋಗುತ್ತಾರೆ. ಒಂದು ಬಿಟ್ಟಿ ಯೋಜನೆ ಇನ್ನೊಂದರ ಕಾಲೆಳೆದದ್ದು ಹೀಗೆ.

2019ರಲ್ಲಿ ರಾಜ್ಯ ನಿಯಮ ಬದಲಿಸಿತು: ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಆ ಸೀಟು ಇಲ್ಲ. ಹೈಕೋರ್ಟೂ ಒಪ್ಪಿತು. ಇದರಿಂದ ಸರ್ಕಾರದ ದುಡ್ಡು ಉಳಿಯಿತೇ ಹೊರತು ಊರ ಶಾಲೆಗೆ ಮೇಷ್ಟ್ರು ಬರಲಿಲ್ಲ. ತಲೆ ಎಣಿಸುವ ಲೆಕ್ಕ ಹಾಗೇ ಉಳಿಯಿತು. ಸಾಲ ಮಾಡಿ ಫೀಸು ಕಟ್ಟುವವರು ಈಗಲೂ ಕಟ್ಟುತ್ತಿದ್ದಾರೆ.

ಎಸ್‌ಡಿಎಂಸಿ ಸಭೆಗಳಲ್ಲಿ ಸಮವಸ್ತ್ರ ಬಂತಾ, ಮೊಟ್ಟೆ ಕೊಟ್ಟರಾ ಅಂತ ಕೇಳುತ್ತೇವೆ, ಕೇಳಲೇಬೇಕು. ಅದರ ಜೊತೆಗೆ ನಮ್ಮ ಶಾಲೆಗೆ ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ಅತಿಥಿ ಶಿಕ್ಷಕರು ಎಷ್ಟು ಜನ ಅಂತಲೂ ಮುಂದಿನ ಸಭೆಯಲ್ಲಿ ಕೇಳಿ, ಬರೆಸಿಕೊಳ್ಳಿ.